ಎರಡರ ಮೇಲೆ ಏರದ ವಾಲ್ಯೂಮ್

ಬೆಂಡೆಕಾಯಿಯ ತುದಿ ಮುರಿದು ನೋಡದೆ ನಾನು ಈವರೆಗೆ ಕೊಂಡವಳಲ್ಲ. ತೆಂಗಿನಕಾಯಿಯನ್ನು ಕಿವಿಯ ಹತ್ತಿರ ಅಲ್ಲಾಡಿಸಬೇಕು, ಹಾಲಿನ ಪಾಕೆಟ್ಟಿನ ತಾರೀಕು ಓದಬೇಕು, ಆಮೇಲೆ ಮಿಕ್ಕ ಮಾತು. ನಮ್ಮಪ್ಪ ಎತ್ತಿನ ಬಾಯಿ ತೆಗೆಸಿ ಹಲ್ಲು ನೋಡಿದ ಮೇಲೇ ವ್ಯಾಪಾರಕ್ಕೆ ಕೂರುತ್ತಿದ್ದ ಮನುಷ್ಯ. ಮಗಳಿಗೆ ಬಳುವಳಿಯಾಗಿ ಬಂದದ್ದು ಅದೊಂದು ಗುಣ. ನನ್ನ ಗಂಡ ಅದನ್ನು ಕಾಯಿಲೆ ಅನ್ನುತ್ತಾರೆ, ನಾನು ಬುದ್ಧಿ ಅನ್ನುತ್ತೇನೆ. ವಿನೋಬನಗರದ ನಮ್ಮ ಮನೆಯಲ್ಲಿ ಈ ವಾದ ಇನ್ನೂ ಮುಗಿದಿಲ್ಲ.

ಹಾಗಾಗಿ ನಮ್ಮ ಆರ್ಕೆಸ್ಟ್ರಾದ ಯಜಮಾನ ಇದ್ದಕ್ಕಿದ್ದಂತೆ ನನ್ನ ಮೇಲೆ ಕಾಳಜಿ ತೋರಿಸತೊಡಗಿದಾಗಲೇ ನನಗೆ ವಾಸನೆ ಹೊಡೆದಿತ್ತು. ನಾನು ಅಲ್ಲಿ ಗಿಟಾರ್ ನುಡಿಸುವವಳು. ನಿಂತು ನುಡಿಸುವ ಗಿಟಾರ್ ಅಲ್ಲ, ಮಡಿಲಲ್ಲಿ ಅಡ್ಡ ಮಲಗಿಸಿಕೊಂಡು ತಂತಿಯ ಮೇಲೆ ಉಕ್ಕಿನ ತುಂಡು ಜಾರಿಸುವ ಹವಾಯಿಯನ್ ಗಿಟಾರ್. ಮದುವೆಗೆ ಮುಂಚಿನಿಂದಲೂ ನುಡಿಸುತ್ತಾ ಬಂದಿದ್ದೇನೆ. ಮನೆ, ಅಡುಗೆ, ಅತ್ತೆಯ ಔಷಧ ಎಲ್ಲದರ ನಡುವೆ ನನ್ನದು ಅಂತ ಇದ್ದದ್ದು ಆ ವೇದಿಕೆಯ ಮೇಲಿನ ಒಂದು ಕುರ್ಚಿ.

ಯಜಮಾನ ನನಗಿಂತ ಚಿಕ್ಕವನು, ಕೀಬೋರ್ಡ್ ನುಡಿಸುತ್ತಾನೆ. "ಅಕ್ಕ, ನೀವು ಇಷ್ಟು ದಿನ ಕಷ್ಟಪಟ್ಟಿದ್ದು ಸಾಕು, ಸ್ವಲ್ಪ ರೆಸ್ಟ್ ತಗೊಳ್ಳಿ" ಅಂದ. ಆಮೇಲೆ ಕೀಬೋರ್ಡಿನಲ್ಲಿ ಯಾವುದೋ ಬಟನ್ ಒತ್ತಿ, ನನ್ನ ಗಿಟಾರಿನ ಸಾಲನ್ನು ತಾನೇ ನುಡಿಸಿ ತೋರಿಸಿದ. "ನೋಡಿ, ಜನಕ್ಕೆ ವ್ಯತ್ಯಾಸಾನೇ ಗೊತ್ತಾಗಲ್ಲ."

ಸಿಟ್ಟು ನೆತ್ತಿಗೇರಿತು. ಆದರೆ ಅವನ ಮಾತಿನಲ್ಲಿ ನಿಜವೂ ಇತ್ತು. ಸೌಂಡ್ ಸಿಸ್ಟಮ್ಮಿನವನು ನನ್ನ ವಯರನ್ನು ನೇರ ತನ್ನ ಮಿಕ್ಸರಿಗೆ ಸಿಕ್ಕಿಸುತ್ತಿದ್ದ. ಅದರಿಂದ ಹೊರಗೆ ಬರುತ್ತಿದ್ದದ್ದು ಸೊಳ್ಳೆಯ ಸದ್ದು. "ನವುಲೆ ಕಡೆ ಒಂದು ರಿಸೆಪ್ಷನ್ ಇದೆ. ಅದಕ್ಕೆ ಬನ್ನಿ, ಆಮೇಲೆ ನೋಡೋಣ" ಅಂದ ಯಜಮಾನ. ನೋಡೋಣ ಅಂದರೆ ನನಗೆ ಗೊತ್ತಿಲ್ಲವೇ? ಹೆಣ್ಣು ನೋಡಿ, ಉಪ್ಪಿಟ್ಟು ತಿಂದು, "ಊರಿಗೆ ಹೋಗಿ ತಿಳಿಸ್ತೀವಿ" ಅಂತ ಎದ್ದು ಹೋದವರ ಮಾತದು.

ಭದ್ರಾವತಿಯಲ್ಲಿ ವಾಲ್ವಿನ ಆಂಪ್ಲಿಫೈಯರ್ ಒಂದು ಮಾರಾಟಕ್ಕಿದೆ ಎಂದು ಮೊಬೈಲಿನಲ್ಲಿ ಕಂಡುಹಿಡಿದವರು ನನ್ನ ಗಂಡ. ಹಳೇ ರೇಡಿಯೋದಲ್ಲಿ ಕೆಂಪಗೆ ಉರಿಯುತ್ತಿದ್ದ ಗಾಜಿನ ವಾಲ್ವುಗಳೇ ಇದರಲ್ಲೂ ಇರುತ್ತವೆ, ಗಿಟಾರಿಗೆ ಒಳ್ಳೇ ದನಿ ಕೊಡುತ್ತವೆ ಅಂತ ಕೇಳಿ ಬಲ್ಲೆ. ಬೆಲೆ ಮಾತ್ರ ತೀರಾ ಕಡಿಮೆ ಹೇಳಿದ್ದರು. ಕಾಸಿಗೆ ತಕ್ಕ ಕಜ್ಜಾಯ ಅಂದೆ ನಾನು. "ಹೋಗಿ ನೋಡೋಕೇನು ದುಡ್ಡು ಕೊಡ್ಬೇಕಾ ಮಾರಾಯ್ತಿ" ಅಂದರು ಅವರು. ಗಿಟಾರ್ ಹೊತ್ತುಕೊಂಡು ಇಬ್ಬರೂ ಬಸ್ಸು ಹತ್ತಿದೆವು.

ಅದು ಕಾರ್ಖಾನೆಯ ಹಳೇ ಕ್ವಾರ್ಟರ್ಸ್. ಅಕ್ಕಪಕ್ಕದ ಮನೆಗಳಿಗೆಲ್ಲ ಬೀಗ. ಬಾಗಿಲು ತೆಗೆದವರು ನನ್ನದೇ ವಯಸ್ಸಿನ ಹೆಂಗಸು, ಮನೆಮಾತು ತೆಲುಗು. "ನಮ್ಮೆಜಮಾನ್ರು ನುಡಿಸ್ತಾ ಇದ್ದಿದ್ದು. ಈಗ ಬೇಡ ಅಂತ ಕೊಡ್ತಾ ಇದೀವಿ" ಅಂದರು. ಯಜಮಾನರೆಲ್ಲಿ ಎಂದರೆ, ಮನೆಯಲ್ಲಿಲ್ಲ. ಆದರೆ ಹೊಸ್ತಿಲ ಹತ್ತಿರ ಗಂಡಸಿನ ಚಪ್ಪಲಿ ಇತ್ತು. ಒಳಕೋಣೆಯ ಬಾಗಿಲು ಹಾಕಿತ್ತು. ಅದರ ಹಿಂದೆ ಯಾರೋ ಕೆಮ್ಮಿದರು. ನಾನು ಗಂಡನ ಕಾಲು ತುಳಿದೆ. ಅವರು ಯಾಕೆ ತುಳಿದೆ ಅಂತ ಎಲ್ಲರೆದುರೇ ಕೇಳಿದರು.

ಆಂಪ್ಲಿಫೈಯರ್ ಅಂದರೆ ಊಟದ ಡಬ್ಬಿಗಿಂತ ಸ್ವಲ್ಪ ದೊಡ್ಡ ಪೆಟ್ಟಿಗೆ. ಆಕೆಯೇ ವಯರು ಸಿಕ್ಕಿಸಿ, ಅಲ್ಲಿ ಇಲ್ಲಿ ತಿರುಗಿಸಿ ಸಿದ್ಧಮಾಡಿದರು. ನುಡಿಸಿದೆ. ಸ್ವರ ಜೋನಿಬೆಲ್ಲದ ಎಳೆಯ ಹಾಗೆ ತುಂಡಾಗದೆ ಬಂತು. ಆದರೆ ನನ್ನ ಗಮನವೆಲ್ಲ ಪೆಟ್ಟಿಗೆಯ ಬೆನ್ನ ಮೇಲೆ. ಬಗ್ಗಿ ವಾಲ್ವ್ ನೋಡಿದೆ, ಸುಟ್ಟ ವಾಸನೆ ಬರುತ್ತಿದೆಯೇ ಅಂತ ಮೂಸಿದೆ, ಎಲ್ಲಾದರೂ ಬೇರೆ ಮೆಷಿನ್ ಬಚ್ಚಿಟ್ಟಿದ್ದಾರೋ ಅಂತ ಮೇಜಿನ ಕೆಳಗೂ ಕಣ್ಣಾಡಿಸಿದೆ. ಏನೂ ಸಿಗಲಿಲ್ಲ. ಕೊಂಡೆವು. "ಸುತ್ತಿ ಕೊಡ್ತೀನಿ" ಎಂದು ಆಕೆ ಅದನ್ನು ಆ ಒಳಕೋಣೆಗೆ ಒಯ್ದರು, ಹಳೇ ಬೆಡ್‌ಶೀಟಿನಲ್ಲಿ ಗಂಟು ಕಟ್ಟಿ ತಂದರು.

ಮನೆಗೆ ಬಂದು ನುಡಿಸಿದರೆ ಮತ್ತದೇ ಸೊಳ್ಳೆ.

ಆ ವಾರ ನಾನು ಯಾರನ್ನೂ ನಂಬಲಿಲ್ಲ. ಒಳಕೋಣೆಯಲ್ಲಿ ಕೆಮ್ಮಿದವನೇ ಒಳ್ಳೇ ವಾಲ್ವ್ ಬಿಚ್ಚಿಕೊಂಡು ಕೆಟ್ಟದ್ದು ಹಾಕಿದ್ದಾನೆ ಅನ್ನುವುದು ನನ್ನ ತೀರ್ಮಾನ. "ವಾಲ್ವ್ ಇಟ್ಕೊಂಡು ಅವ್ರೇನು ಹುಳಿ ಮಾಡ್ತಾರಾ?" ಅಂದರು ಗಂಡ. ಅವರ ಮೇಲೂ ನನಗೆ ಅನುಮಾನ ಬಂತು. ಬೆಳ್ಳಗಿರುವುದೆಲ್ಲ ಹಾಲು ಎಂದು ನಂಬುವ ಜಾತಿ ಅವರದು. ರಿಸೆಪ್ಷನ್ ಹತ್ತಿರವಾಗುತ್ತಿತ್ತು. ಆ ಕುರ್ಚಿ ಹೋದರೆ ಉಳಿದ ಸಂಜೆಗಳನ್ನು ಏನು ಮಾಡುವುದು? ಪೆಟ್ಟಿಗೆಯನ್ನು ಗಂಟು ಕಟ್ಟಿ, ಗಿಟಾರೂ ಹೊತ್ತುಕೊಂಡು, ಜಗಳಕ್ಕೆ ಮಾತು ಜೋಡಿಸಿಕೊಂಡು, ಮತ್ತೆ ಭದ್ರಾವತಿಗೆ ಒಬ್ಬಳೇ ಹೋದೆ.

ಆಕೆ ನನ್ನ ಬೈಗುಳವನ್ನೆಲ್ಲ ಕೇಳಿಸಿಕೊಂಡು, "ವಾಲ್ಯೂಮ್ ಎಷ್ಟಕ್ಕಿಟ್ಟು ನುಡಿಸ್ತೀರಮ್ಮ?" ಅಂದರು.

"ಎರಡಕ್ಕೆ."

"ಎರಡಕ್ಕಾ?" ಆಕೆ ಸೆರಗು ಬಾಯಿಗಿಟ್ಟುಕೊಂಡು ನಕ್ಕರು.

ನಗುವಂಥದ್ದೇನು ಎಂದು ನನಗೆ ಅರ್ಥವಾಗಲಿಲ್ಲ. ನಮ್ಮ ಮನೆಯಲ್ಲಿ ಯಾವುದನ್ನೂ ಪೂರ್ತಿ ತಿರುಗಿಸುವ ಪದ್ಧತಿಯೇ ಇಲ್ಲ. ಫ್ಯಾನು ಮೂರಕ್ಕೆ ನಿಲ್ಲಬೇಕು, ಮಿಕ್ಸಿ ಒಂದು ದಾಟಬಾರದು, ಟಿವಿ ರಿಮೋಟಿನ ಪ್ಲಾಸ್ಟಿಕ್ ಕವರ್ ಇನ್ನೂ ತೆಗೆದಿಲ್ಲ. ಕೈ ಹಿಡಿದು ಬಳಸಿದರೆ ವಸ್ತು ಬಾಳಿಕೆ ಬರುತ್ತದೆ ಎಂದೇ ಬೆಳೆದವರು ನಾವು. ಆಂಪ್ಲಿಫೈಯರಿಗೆ ಬೇರೆ ನ್ಯಾಯ ಎಲ್ಲಿಂದ ತರಲಿ?

ಆಕೆ ಪೆಟ್ಟಿಗೆಯ ವಾಲ್ಯೂಮನ್ನು ಹತ್ತರ ತನಕ ತಿರುಗಿಸಿದರು. ಆಮೇಲೆ ನನ್ನ ಗಿಟಾರಿನ ಮೇಲಿದ್ದ ವಾಲ್ಯೂಮನ್ನು ಅರ್ಧಕ್ಕೆ ಇಳಿಸಿದರು. "ನಂಗೆ ಸಂಗೀತ ಬರಲ್ಲಮ್ಮ. ಅವ್ರು ಹೀಗೆ ಮಾಡ್ತಿದ್ದಿದ್ದು ನೋಡಿದೀನಿ. ಪೆಟ್ಟಿಗೆ ಪೂರ್ತಿ ಇರ್ಬೇಕು. ಹೆಚ್ಚು ಕಮ್ಮಿ ಎಲ್ಲ ಗಿಟಾರಲ್ಲೇ ಮಾಡ್ಕೋಬೇಕು. ಅವತ್ತು ನೀವು ನುಡಿಸಿದ್ದೂ ಹೀಗೇನೇ."

"ಸುಟ್ಟುಹೋದ್ರೆ?" ಅಂದೆ. ಸುಡಿಸಿಬಿಟ್ಟು, ಇನ್ನು ನಮ್ಮನ್ನು ಕೇಳಬೇಡಿ ಅನ್ನುವ ಉಪಾಯವಿರಬಹುದಲ್ಲ.

"ಅವ್ರು ಇಷ್ಟು ವರ್ಷ ನುಡಿಸಿದಾರಲ್ಲ, ಸುಡೋದಿದ್ರೆ ಆಗ್ಲೇ ಸುಡ್ತಿತ್ತು."

ತಂತಿ ಮುಟ್ಟಿದೆ. ಅದೇ ಎಳೆ ಬಂತು. ಗಿಟಾರಿನ ವಾಲ್ಯೂಮ್ ಸ್ವಲ್ಪ ಏರಿಸಿದೆ. ಸ್ವರದ ಅಂಚು ಒರಟಾಗಿ, ಗಂಟಲು ಬಿಗಿದು ಹಾಡುವವರ ದನಿಯಾಯಿತು. ಆಗ ಒಳಕೋಣೆಯ ಬಾಗಿಲು ತೆರೆಯಿತು.

ಎತ್ತರದ ಮನುಷ್ಯ, ಎರಡು ಕಿವಿಗೂ ಮೆಷಿನ್. ನನ್ನ ಕಡೆ ನೋಡಲಿಲ್ಲ. ನೆಲದ ಮೇಲೆ ಕೂತು ಪೆಟ್ಟಿಗೆಯ ಮೇಲೆ ಅಂಗೈ ಊರಿದರು. ನಾನು ನಿಲ್ಲಿಸಲು ಹೋದೆ. ಕಿವಿ ಕೇಳದವರು ಮಾತಾಡುವಂತೆ ಗಟ್ಟಿಯಾಗಿ, "ಕಮ್ಮಿ ಮಾಡ್ಬೇಡಿ" ಅಂದರು. ನುಡಿಸಿದೆ. ಹಾಡು ಮುಗಿಯುವ ತನಕ ಅವರು ಕೈ ತೆಗೆಯಲಿಲ್ಲ.

"ಕಿವಿ ಪೂರ್ತಿ ಹೋಗುತ್ತೆ, ಜೋರು ಸದ್ದು ಬೇಡ ಅಂದ್ರು ಡಾಕ್ಟ್ರು" ಎಂದು ಆಕೆ ಕಾಫಿ ಕೊಡುತ್ತಾ ಹೇಳಿದರು. "ಪೆಟ್ಟಿಗೆ ಮನೇಲಿದ್ರೆ ಇವ್ರು ಬಿಡಲ್ಲ. ಅದಕ್ಕೇ ಸಿಕ್ಕಿದ ರೇಟಿಗೆ ಕೊಟ್ಬಿಟ್ಟೆ. ಅವತ್ತು ಕೋಪ ಮಾಡ್ಕೊಂಡು ಒಳಗೇ ಕೂತಿದ್ರು." ಆಮೇಲೆ ನನ್ನ ಮುಖ ನೋಡಿ, "ಅನುಮಾನಂ ಪೆದ್ದ ರೋಗಂ, ಅನುಮಾನ ದೊಡ್ಡ ರೋಗ ಅಂತಾರಮ್ಮ ನಮ್ಮಲ್ಲಿ" ಅಂದರು.

ಕಣ್ಣು ತುಂಬಿ ಬಂತು ನನಗೆ. ಆದರೂ ಹೊರಡುವಾಗ ಪೆಟ್ಟಿಗೆಯನ್ನು ಬೆಡ್‌ಶೀಟಿಗೆ ನಾನೇ ಸುತ್ತಿಕೊಂಡೆ.

ಮನೆಯಲ್ಲಿ ಪೆಟ್ಟಿಗೆಯ ಮುಖವನ್ನು ಮಡಿಸಿದ ಹಾಸಿಗೆಯ ಕಡೆ ತಿರುಗಿಸಿ ಅಭ್ಯಾಸ ಮಾಡಿದೆ. ವಾಲ್ಯೂಮ್ ಹತ್ತರಲ್ಲೇ ಇದ್ದರೂ ಪಕ್ಕದ ಮನೆಯವರಿಗೆ ತೊಂದರೆಯಾಗಲಿಲ್ಲ. ಗಂಡ ಮಾತ್ರ ಕರೆಂಟಿನ ಮೀಟರ್ ನೋಡಿ ಬಂದರು.

ರಿಸೆಪ್ಷನ್ನಿನ ಸಂಜೆ ಸೌಂಡ್ ಸಿಸ್ಟಮ್ಮಿನವನು ನನ್ನ ಪೆಟ್ಟಿಗೆ ನೋಡಿ, "ಏನಕ್ಕ, ಊಟ ಕಟ್ಕೊಂಡು ಬಂದ್ರಾ?" ಅಂದ. ಅದರ ಮುಂದೆ ಒಂದು ಮೈಕ್ ಇಡಿಸಿಕೊಳ್ಳಲು ನಾನು ಅವನೊಂದಿಗೆ ಜಗಳವಾಡಬೇಕಾಯಿತು. ಎದುರಿಗೆ ತುಂಬಿದ ಛತ್ರ, ಪಕ್ಕದಲ್ಲಿ ಯಜಮಾನ, ಅವನ ಕೀಬೋರ್ಡು. ಹೆದರಿಕೆಯಲ್ಲಿ ನನ್ನ ಕೈ ತನ್ನ ಪಾಡಿಗೆ ತಾನು ಪೆಟ್ಟಿಗೆಯ ವಾಲ್ಯೂಮನ್ನು ಎರಡಕ್ಕೆ ತಂದುಬಿಟ್ಟಿತ್ತು. ಮೊದಲ ಹಾಡಿನಲ್ಲಿ ಸೊಳ್ಳೆ ಹಾರಿತು. ಓರೆಗಣ್ಣಿನಲ್ಲಿ ನೋಡಿದೆ. ಯಜಮಾನನ ಬೆರಳು ಆ ಗಿಟಾರಿನ ಬಟನ್ ಕಡೆ ಸರಿಯುತ್ತಿತ್ತು.

ಎರಡನೇ ಹಾಡಿಗೆ ಮುಂಚೆ ಬಗ್ಗಿ ಹತ್ತಕ್ಕೆ ತಿರುಗಿಸಿದೆ. ಸುಟ್ಟರೆ ಸುಡಲಿ ಅಂದುಕೊಂಡೆ. ನನ್ನ ಸಾಲು ಬಂದಾಗ ಗಿಟಾರಿನ ವಾಲ್ಯೂಮ್ ಮೆಲ್ಲಗೆ ಏರಿಸಿ ಸ್ವರ ಎಳೆದೆ. ಊಟದ ಸಾಲಿನಲ್ಲಿ ನಿಂತಿದ್ದವರು ತಿರುಗಿ ನೋಡಿದರು. ಯಜಮಾನ ಎರಡೂ ಕೈಗಳನ್ನು ಕೀಬೋರ್ಡಿನಿಂದ ತೆಗೆದು ತೊಡೆಯ ಮೇಲಿಟ್ಟುಕೊಂಡ. ಹಾಡು ಮುಗಿಯುವ ತನಕ ಹಾಗೇ ಕೂತಿದ್ದ. ನಾನು ಎಡಗಾಲನ್ನು ಚಪ್ಪಲಿಯಿಂದ ಬಿಡಿಸಿ ಪೆಟ್ಟಿಗೆಗೆ ತಾಗಿಸಿಕೊಂಡೆ. ಅದು ನಡುಗುತ್ತಿತ್ತು.

ವಯರು ಸುತ್ತುವಾಗ ಅವನು ಹತ್ತಿರ ಬಂದ. "ಅಕ್ಕ, ಮುಂದಿನ ಪ್ರೋಗ್ರಾಂ ಕುಂಸೀಲಿ. ಬರ್ಬೇಕು."

"ಕರೀತಿರೋದು ನನ್ನನ್ನೋ, ಪೆಟ್ಟಿಗೇನೋ?"

"ನೀವಿಲ್ದೆ ಪೆಟ್ಟಿಗೆ ತಗೊಂಡು ನಾನೇನ್ ಮಾಡ್ಲಿ ಅಕ್ಕ?"

ಅವನ ಮುಖವನ್ನೇ ನೋಡಿದೆ. ಯಾವತ್ತಿನ ಹಾಗೆ ಮೋಸ ಹುಡುಕಿದೆ. ಏನೂ ಸಿಗಲಿಲ್ಲ. ವೇದಿಕೆಯ ಹಿಂದೆ ಹೋಗಿ, ಆ ಹಳೇ ಬೆಡ್‌ಶೀಟಿನ ತುದಿಯಲ್ಲಿ ಮುಖ ಮುಚ್ಚಿಕೊಂಡು ಅತ್ತುಬಿಟ್ಟೆ.