ಎರಡು ನಿಮಿಷದ ಸ್ಟೇಷನ್

ನಮ್ಮ ಲಿಫ್ಟ್ ರಿಪೇರಿ ಕಂಪನಿಯ ಹಿರಿಯ ಮೆಕ್ಯಾನಿಕ್‌ಗೆ ನಾವೆಲ್ಲ ಇಟ್ಟಿರುವ ಹೆಸರು ರೈಲಣ್ಣ. ಇಪ್ಪತ್ತನೇ ಮಹಡಿಯಲ್ಲಿ ಲಿಫ್ಟಿನ ಬಾಗಿಲು ತೆಗೆದು, ಕೆಳಗಿನ ಕತ್ತಲೆಗೆ ಬಗ್ಗಿ ನಟ್ಟು ಬಿಗಿಯುವ ಈ ಮನುಷ್ಯ ವಿಮಾನ ಅಂದರೆ ಮಾತ್ರ ಮುಖ ಸಿಂಡರಿಸುತ್ತಾರೆ. ನಮ್ಮ ಬ್ರಾಂಚ್ ಆಫೀಸಿಗೆ ವಿಮಾನದಲ್ಲಿ ಐವತ್ತು ನಿಮಿಷ, ರೈಲಿನಲ್ಲಿ ಏಳು ಗಂಟೆ. "ಐವತ್ತು ನಿಮಿಷವಂತೆ!" ಎಂದು ಸ್ಪ್ಯಾನರಿನಿಂದ ಮೇಜು ಕುಟ್ಟುತ್ತಾರೆ. "ಏರ್‌ಪೋರ್ಟ್ ಸೇರೋಕೆ ಎರಡು ಗಂಟೆ, ಬೆಲ್ಟು ಬಿಚ್ಚಿ ಕಟ್ಟೋಕೆ ಒಂದು ಗಂಟೆ, ನನ್ನ ಟೂಲ್ಸ್ ನೋಡಿ ಅವರು ಹೌಹಾರೋಕೆ ಇನ್ನೊಂದು ಗಂಟೆ. ರೈಲಲ್ಲಿ ಕಾಲು ಚಾಚಿದ್ರೆ ಕೇಳೋರೇ ಇಲ್ಲ ಕಣಯ್ಯಾ." ಪುಕ್ಕಲು ಅಂತ ನಾವು ಬೆನ್ನ ಹಿಂದೆ ನಗುತ್ತಿದ್ದೆವು. ಹೋದ ತಿಂಗಳು ತುರ್ತು ಕೆಲಸ ಬಿದ್ದು, ಮ್ಯಾನೇಜರ್ ಅವರಿಗೂ ನನಗೂ ವಿಮಾನದ ಟಿಕೆಟ್ಟನ್ನೇ ಕೈಗಿಟ್ಟರು. ರೈಲಣ್ಣ ಹತ್ತುವ ಮುಂಚೆ ಮೂಲೆಗೆ ಹೋಗಿ ಯಾರಿಗೋ ಫೋನು ಮಾಡಿ ಬಂದರು. ಇಳಿದ ಕೂಡಲೇ ಅವರ ಫೋನು ಹೊಡೆದುಕೊಂಡಿತು. ಅವರ ಅಕ್ಕ. ದನಿ ನನಗೂ ಕೇಳುವಷ್ಟು ಜೋರು. "ನಮ್ಮೂರ ಸ್ಟೇಷನ್ನಲ್ಲಿ ನಿನ್ನ ರೈಲು ಎರಡು ನಿಮಿಷ ನಿಲ್ಲುತ್ತಲ್ಲ, ಈವತ್ತೂ ಅದೇ ಜಾಗಕ್ಕೆ ಬಂದು ನಿಂತಿದ್ದೆ ಕಣೋ. ನೀನು ಹೇಳಿದ ಹೊತ್ತಿಗೆ ಸರಿಯಾಗಿ ಮೇಲೆ ನೋಡಿ ಕೈ ಬೀಸಿದೆ. ಕಾಣಿಸ್ತಾ?" ರೈಲಣ್ಣ ಒಂದು ಕ್ಷಣವೂ ತಡವರಿಸಲಿಲ್ಲ. "ಕಾಣಿಸದೆ ಏನಕ್ಕಾ? ಅದ್ಯಾಕೆ ಇಷ್ಟೊಂದು ಸೊರಗಿದೀಯ?" ಎಂದರು. ಕಿಟಕಿಯ ಪಕ್ಕ ಕೂತಿದ್ದವನು ನಾನು. ವಿಮಾನ ಮೇಲೇರಿದ ಕೂಡಲೇ ಕಿಟಕಿ ಮುಚ್ಚಿ ನಿದ್ದೆ ಹೊಡೆದಿದ್ದೆ.