ನೀಲಿ ಬಿಟ್ಟು ಯಾವುದಾದರೂ

ಗುರುವಾರ. ಬೆಳಿಗ್ಗೆ ಏಳು ಮೂವತ್ತೈದಕ್ಕೆ ಹೈದರಾಬಾದಿನಲ್ಲಿ ಇಳಿದೆ. ಮುಂದಿನ ವಿಮಾನ ಮಧ್ಯಾಹ್ನ ಮೂರು ನಲವತ್ತೈದಕ್ಕೆ. ನಡುವೆ ಎಂಟು ಗಂಟೆ ಹತ್ತು ನಿಮಿಷ.

ಆ ದಿನದ ಡೈರಿಯ ಪುಟ ಹೀಗೆ ಶುರುವಾಗುತ್ತದೆ. ಅತ್ತೆ ತೀರಿಕೊಂಡ ವಿಷಯ ಅದರಲ್ಲಿ ಐದನೆಯ ಸಾಲಿನಲ್ಲಿದೆ. ಅದಕ್ಕಿಂತ ಮೇಲೆ ಸಮಯ, ಗೇಟಿನ ನಂಬರು, ಸೀಟಿನ ನಂಬರು, ಪೆಟ್ಟಿಗೆಯ ತೂಕ. ಬೇಕೆಂದು ಹಾಗೆ ಬರೆದದ್ದಲ್ಲ. ಕೈ ರೂಢಿಯಂತೆ ಬರೆಯಿತು.

ಅತ್ತೆ ಅಂದರೆ ನನ್ನ ಅಪ್ಪನ ಅಕ್ಕ. ನಾನು ಐದನೇ ತರಗತಿಯಲ್ಲಿದ್ದಾಗ ಅಪ್ಪ ತೀರಿಕೊಂಡ. ಅವ್ವ ಸಿರುಗುಪ್ಪದಲ್ಲೇ ಉಳಿದಳು. ನನ್ನನ್ನು ಬಳ್ಳಾರಿಗೆ ಕರೆದುಕೊಂಡು ಬಂದು ಡಿಗ್ರಿಯವರೆಗೆ ಓದಿಸಿದ್ದು ಮಕ್ಕಳಿಲ್ಲದ ಅತ್ತೆ ಮತ್ತು ಮಾಮ. ಕೌಲ್ ಬಜಾರಿನಲ್ಲಿ ಒಂದೂವರೆ ಕೋಣೆಯ ಮನೆ. ಅತ್ತೆ ಜೀನ್ಸ್ ಹೊಲಿಯುವ ಕಡೆ ಕೆಲಸಕ್ಕೆ ಹೋಗುತ್ತಿದ್ದಳು. ಇಪ್ಪತ್ತಾರು ವರ್ಷ ಪ್ಯಾಂಟಿನ ಹಿಂದಿನ ಜೇಬನ್ನಷ್ಟೇ ಹೊಲಿದಳು. ಓದು ಬರಹ ಬರುತ್ತಿರಲಿಲ್ಲವಾದ್ದರಿಂದ ಒಂದೊಂದು ಕಟ್ಟು ಮುಗಿದಾಗಲೂ ಮಷೀನಿನ ಪಕ್ಕದ ಗೋಡೆಗೆ ಸೀಮೆಸುಣ್ಣದಲ್ಲಿ ಒಂದು ಗೆರೆ ಎಳೆಯುತ್ತಿದ್ದಳು. ಸಂಜೆ ಶಾಲೆ ಬಿಟ್ಟ ಮೇಲೆ ಅಲ್ಲಿಗೆ ಹೋಗಿ ನಾನು ಆ ಗೆರೆಗಳನ್ನು ಎಣಿಸಿ, ನೋಟ್‌ಬುಕ್ಕಿನಲ್ಲಿ ತಾರೀಖು ಹಾಕಿ ಬರೆಯುತ್ತಿದ್ದೆ. ಡೈರಿ ಬರೆಯುವ ಚಟ ನನಗೆ ಅಂಟಿದ್ದು ಅಲ್ಲಿಂದ. ಅವಳಿಗೆ ಅಂಟಿದ್ದು ನೀಲಿ. ಉಗುರಿನ ಸಂದಿಯಿಂದ ಅದು ಯಾವ ಸೋಪಿಗೂ ಹೋಗುತ್ತಿರಲಿಲ್ಲ.

ಕಣ್ಣು ಮಂಜಾದ ಮೇಲೆ, ನಾಲ್ಕು ವರ್ಷದ ಹಿಂದೆ, ಇಬ್ಬರೂ ಮಾಮನ ಊರಾದ ಕುರುಗೋಡಿಗೆ ಹೋದರು. ನಾನು ಬಳ್ಳಾರಿಯಲ್ಲೇ ಒಂದು ಜೀನ್ಸ್ ಘಟಕದಲ್ಲಿ ಹೊಲಿಗೆ ತಪಾಸಣೆ ಮಾಡುವ ಕೆಲಸಕ್ಕೆ ಸೇರಿದೆ. ಭಾನುವಾರ ಭಾನುವಾರ ಕುರುಗೋಡಿಗೆ ಹೋಗಿ, ಮಾಮನ ಬೆರಳಿಗೆ ಸೂಜಿ ಚುಚ್ಚಿ ಸಕ್ಕರೆ ನೋಡಿ, ಕ್ಯಾಲೆಂಡರಿನಲ್ಲಿ ಬರೆದು ಬರುತ್ತಿದ್ದೆ. ಕಂಪನಿಯವರು ಹೊಸ ಯಂತ್ರದ ತರಬೇತಿಗೆ ಒಂದು ವಾರ ದಿಲ್ಲಿಗೆ ಕಳಿಸುತ್ತೇವೆ ಅಂದಾಗ ಮೊದಲು ಅತ್ತೆಗೆ ಹೇಳಿದೆ.

“ನಿನಗೇನು ತರ್ಲಿ?”

“ಒಂದು ಸೀರಿ ತಾ. ನೀಲಿ ಬಿಟ್ಟು ಯಾವ್ದರ ತಾ. ಜೀವಮಾನ ಪೂರ್ತಿ ನೀಲಿ ನೋಡಿ ಸಾಕಾಗೇತಿ ನನಗ.”

ಸಾಸಿವೆ ಬಣ್ಣದ್ದು ತೆಗೆದುಕೊಂಡೆ, ಕೆಂಪು ಅಂಚಿನದು. ಫೋನಿನಲ್ಲಿ ಹೇಳಿದೆ. ಅವಳು ಓಣಿಗೆಲ್ಲ ಹೇಳಿದಳು. ಬುಧವಾರ ಸಂಜೆ ಆರು ಇಪ್ಪತ್ತಕ್ಕೆ, ನಾನು ಮರುದಿನದ ಪ್ರಯಾಣಕ್ಕೆ ಪೆಟ್ಟಿಗೆ ತುಂಬಿ ಬೀಗ ಹಾಕಿದ್ದಾಗ, ಮಾಮನ ಫೋನು ಬಂತು. ಕಸ ಗುಡಿಸುತ್ತಿದ್ದವಳು ಕೂತಳಂತೆ, ಕೂತಲ್ಲೇ ಹೋದಳಂತೆ. ಪೆಟ್ಟಿಗೆಯ ಪಟ್ಟಿಯಲ್ಲಿ ‘ಸೀರೆ’ ಎಂಬುದರ ಎದುರು ಆಗಲೇ ಗುರುತು ಹಾಕಿದ್ದೆ. ಸೀರೆಯನ್ನು ಹೊರಗೆ ತೆಗೆದು ಕೈಚೀಲದಲ್ಲಿ ಇಟ್ಟುಕೊಳ್ಳಬೇಕೆಂದು ನನಗೆ ಹೊಳೆಯಲೇ ಇಲ್ಲ.

ನಮ್ಮ ಕಡೆ ಗಂಡ ಇರುವಾಗ ಹೆಂಗಸು ತೀರಿಕೊಂಡರೆ ಅವಳ ತವರುಮನೆಯ ಸೀರೆ ಬರಬೇಕು. ಅದನ್ನು ಉಡಿಸದೆ ಎತ್ತುವುದಿಲ್ಲ. ಅತ್ತೆಯ ತವರೆಂದರೆ ಈಗ ಅವ್ವ ಮತ್ತು ನಾನು. ಅವ್ವ ಸಿರುಗುಪ್ಪದಿಂದ ಹೊರಡುವಾಗ ಸೀರೆ ತರುತ್ತೇನೆ ಅಂದರೆ ಮಾಮ ಬೇಡವೆಂದನಂತೆ. “ದಿಲ್ಲಿಯಿಂದ ಬರಾಕತ್ತೇತಿ. ಆಕಿ ಕೇಳಿದ ಸೀರಿ ಅದ. ಅದನ್ನ ಉಡಸೂದು.” ಅವ್ವ ಬರಿಗೈಯಲ್ಲಿ ಬಂದಳು. ಹೀಗಾಗಿ ಇಡೀ ಮನೆ ನನ್ನ ಪೆಟ್ಟಿಗೆಗಾಗಿ ಕಾಯುತ್ತಿತ್ತು. ಮಣ್ಣಾಗುವವರೆಗೆ ಮನೆಯಲ್ಲಿ ಒಲೆ ಹಚ್ಚುವುದಿಲ್ಲ, ಯಾರೂ ಉಣ್ಣುವುದಿಲ್ಲ. ಹೊತ್ತು ಮುಳುಗುವುದರೊಳಗೆ ಮಣ್ಣಾಗಬೇಕು.

ಲೆಕ್ಕ ಹಾಕಿದೆ. ವಿಮಾನ ಬಳ್ಳಾರಿ ಹತ್ತಿರದ ತೋರಣಗಲ್ಲಿನಲ್ಲಿ ಇಳಿಯುವುದು ನಾಲ್ಕು ಐವತ್ತಕ್ಕೆ. ಪೆಟ್ಟಿಗೆ ಬರಲು ಇಪ್ಪತ್ತು ನಿಮಿಷ. ಕಾರಿನಲ್ಲಿ ಕುರುಗೋಡು ಆರು ಗಂಟೆಗೆ. ಹೊತ್ತು ಮುಳುಗುವುದು ಆರೂಕಾಲಿನ ಮೇಲೆ. ಹೈದರಾಬಾದಿನಿಂದಲೇ ಕಾರು ಮಾಡಿಕೊಂಡು ಹೋದರೆ ನಾಲ್ಕು ಗಂಟೆಗೇ ಮುಟ್ಟಬಹುದಿತ್ತು. ಕೌಂಟರಿಗೆ ಹೋಗಿ ಪೆಟ್ಟಿಗೆ ಕೇಳಿದೆ. ಅದು ನೇರವಾಗಿ ಕೊನೆಯ ಊರಿಗೆ ಹೋಗುತ್ತದೆ, ಇಲ್ಲಿ ತೆಗೆಯಲು ಬರುವುದಿಲ್ಲ ಎಂದು ಅಲ್ಲಿಯ ಹುಡುಗಿ ಚೀಟಿ ನೋಡಿ ಹೇಳಿದಳು. ನಾನು ಮಾತ್ರ ಹೋಗಬಹುದು. ಸೀರೆ ಇಲ್ಲದೆ ಹೋಗಿ ಏನು ಮಾಡಲಿ ಅಂದುಕೊಂಡೆ. ಗೇಟಿನ ಎದುರಿನ ಮೂರನೇ ಸಾಲಿನ ಕುರ್ಚಿಗೆ ಬಂದು ಕೂತೆ.

ಎಂಟು ಇಪ್ಪತ್ತೈದಕ್ಕೆ ಎರಡು ಇಡ್ಲಿ ತಿಂದೆ. ಹಸಿವೆ ಇತ್ತೋ ಇಲ್ಲವೋ ನೆನಪಿಲ್ಲ. ಪಕ್ಕದಲ್ಲಿ ಇಡ್ಲಿ ಮಾರುತ್ತಿದ್ದರು, ಹೊತ್ತಾಗಿತ್ತು, ತಿಂದೆ. ಚಟ್ನಿ ತಣ್ಣಗಿತ್ತು.

ಎಂಟು ನಲವತ್ತಕ್ಕೆ ಅವ್ವನ ಫೋನು.

“ಎಲ್ಲಿದ್ದೀ?”

“ಹೈದರಾಬಾದಿನ್ಯಾಗ ಅದೀನವ್ವ. ಮೂರು ಮುಕ್ಕಾಲಿಗೆ ಐತಿ ವಿಮಾನ.”

ಹಿಂದಿನಿಂದ ಪಕ್ಕದ ಮನೆಯ ಮುದುಕಿಯ ದನಿ ಕೇಳಿಸಿತು. “ಅಲ್ಲೀತನಾ ಕುಂತು ಏನ್ ಮಾಡ್ತಾಳಂತ? ಬಳ್ಳಾರಿ ಕಡಿ ಹೊಂಟಿದ್ದು ಯಾವ್ದರ ಹತ್ತು ಅನ್ನು. ನಿಂತರ ಬರಬೌದು.”

“ಅದು ಬಸ್ಸಲ್ಲಬೇ, ಸುಮ್ನಿರು” ಅಂದಳು ಅವ್ವ. ಆಮೇಲೆ ನನಗೆ, “ಏನರ ತಿಂದಿಯೇನು?”

ಅವರು ಯಾರೂ ತಿಂದಿಲ್ಲ ಎಂಬುದು ನನಗೆ ನೆನಪಾದದ್ದು ಆ ಕ್ಷಣಕ್ಕೆ. “ಇಲ್ಲವ್ವ” ಅಂದೆ.

ಫೋನು ಅವ್ವನ ಕೈಯಲ್ಲೇ ಇತ್ತು. ಅವ್ವ ಮಾಮನಿಗೆ ಹೇಳಿದಳು, ಎರಡು ಬನ್ನು, ಚಾ ತರಿಸೀನಿ, ಸಕ್ಕರಿ ಇದ್ದಾವ ನೀ, ಚಾದಾಗ ಅದ್ದಿಕೊಂಡು ತಿನ್ನಣ್ಣ ಅಂತ. ಮಾಮನ ಉತ್ತರ ಸ್ಪಷ್ಟವಾಗಿ ಕೇಳಿಸಿತು.

“ಆ ಹುಡುಗಿ ಅಲ್ಲಿ ಒಬ್ಬಾಕಿನ ಉಪಾಸ ಕುಂತಾಳ. ನಾ ಹ್ಯಾಂಗ ತಿನ್ಲಿ? ಒಲ್ಲೆ.”

ಆಗಲೇ ನಾನು ಹೇಳಬಹುದಿತ್ತು. ಹೇಳಲಿಲ್ಲ. ಫೋನು ಇಟ್ಟೆ.

ಅಳು ಬರಲಿಲ್ಲ. ಬರಬಹುದು ಎಂದು ಶೌಚಾಲಯದೊಳಗೆ ಹೋಗಿ ಬಾಗಿಲು ಹಾಕಿಕೊಂಡು ಹನ್ನೊಂದು ನಿಮಿಷ ನಿಂತೆ. ಹೊರಗೆ ಯಾರೋ ಬಾಗಿಲು ಬಡಿದರು. ಬಂದು ಮತ್ತೆ ಅದೇ ಕುರ್ಚಿಯಲ್ಲಿ ಕೂತೆ. ಎದುರಿನ ನೆಲ ಒರೆಸುವ ಯಂತ್ರ ಎಡದಿಂದ ಬಲಕ್ಕೆ ಹೋಗುತ್ತಿತ್ತು, ಬಲದಿಂದ ಎಡಕ್ಕೆ ಬರುತ್ತಿತ್ತು. ಕಣ್ಣು ತಾನಾಗಿಯೇ ಜನರ ಪ್ಯಾಂಟಿನ ಮೇಲೆ ಹೋಯಿತು. ಅದು ನನ್ನ ಕೆಲಸದ ಅಭ್ಯಾಸ. ಹಿಂದಿನ ಜೇಬು, ಎರಡು ಸಾಲು ಹೊಲಿಗೆ, ಮೂಲೆಯಲ್ಲಿ ಬಿಗಿ ಹೊಲಿಗೆ. ಎಣಿಸಲು ಶುರು ಮಾಡಿದೆ. ಡೈರಿಯಲ್ಲಿ ಐದಕ್ಕೊಂದು ಅಡ್ಡಗೆರೆ. ಹನ್ನೊಂದೂವರೆಯ ಹೊತ್ತಿಗೆ ಇನ್ನೂರ ಹದಿನಾಲ್ಕು ಜೀನ್ಸ್ ದಾಟಿ ಹೋಗಿದ್ದವು. ಅಂದರೆ ನಾನೂರ ಇಪ್ಪತ್ತೆಂಟು ಜೇಬು. ಅದು ಅತ್ತೆಯ ಒಂದು ದಿನದ ಕೆಲಸಕ್ಕಿಂತ ಸ್ವಲ್ಪ ಕಡಿಮೆ. ಅದನ್ನೂ ಬರೆದೆ. ಬರೆದು ನೋಡಿದರೆ ನನಗೆ ಏನೂ ಅನ್ನಿಸಲಿಲ್ಲ.

ಹನ್ನೊಂದು ನಲವತ್ತಕ್ಕೆ ಅವ್ವ ಮತ್ತೆ ಫೋನು ಮಾಡಿದಳು. ಈ ಸಲ ದನಿ ಬೇರೆಯಾಗಿತ್ತು.

“ನಿಮ್ಮ ಮಾಮ ಬೆವತು ನೀರಾಗ್ಯಾನ. ಕಣ್ಣು ಕತ್ತಲಿ ಬರ್ತಾವ ಅಂತಾನ. ಮುಂಜಾನಿ ಗುಳಿಗಿ ನುಂಗ್ಯಾನಂತ, ಹೊಟ್ಯಾಗ ಏನಿಲ್ಲ.”

“ಸಕ್ಕರಿ ನೀರು ಕುಡಸವ್ವ. ಈಗ. ನಾಲ್ಕು ಚಮಚ ಹಾಕು.”

“ಒಲ್ಲೆ ಅಂತಾನ.”

“ಫೋನ್ ಕೊಡು ಅವನ ಕೈಗೆ.”

ಮಾಮನ ಉಸಿರು ಮಾತ್ರ ಕೇಳಿಸುತ್ತಿತ್ತು. “ಮಾಮ, ಇದು ಊಟ ಅಲ್ಲ, ಔಷಧ. ಕುಡಿ” ಅಂದೆ. “ಔಷಧ ಅಂದ್ರ ಕುಡಿತೀನಿ” ಅಂದ. ಗುಟುಕರಿಸುವುದು ಕೇಳಿಸಿತು. ಆರು ಗುಟುಕು.

ಸಂಜೆ ಆರಕ್ಕೆ ಇನ್ನೂ ಆರು ತಾಸಿನ ಮೇಲಿತ್ತು. ನಾನು ತಿಂದೆ ಎಂದು ಹೇಳಿದರೆ ಅವನು ತಿನ್ನುತ್ತಿದ್ದನೋ ಏನೋ. ಆ ಮಾತು ಬಾಯಿಗೆ ಬರಲಿಲ್ಲ. ಅದರ ಬದಲು ಬೇರೆ ಮಾತು ಬಂತು.

“ಅವ್ವಾ, ಕಾಯಬ್ಯಾಡ್ರಿ. ಮಣ್ಣು ಮಾಡಿಬಿಡ್ರಿ.”

“ಸೀರಿ?”

“ಅಲ್ಲೇ ಊರಾಗ ತಗೋ. ತವರುಮನಿ ಸೀರಿ ಅಂದ್ರ ನೀ ತಂದದ್ದೂ ತವರುಮನೀದ.”

“ಖರೇ ಹೇಳಾಕತ್ತಿಯೇನು? ಆಮ್ಯಾಲ ಮಾರಿ ನೋಡಲಿಲ್ಲ ಅಂತ ಅಳಕೊಂತ ಕುಂದರಬ್ಯಾಡ ಮತ್ತ.”

“ಇಲ್ಲ.”

ಹನ್ನೆರಡು ಇಪ್ಪತ್ತಕ್ಕೆ ಅಂಗಡಿಯಿಂದ ವಿಡಿಯೋ ಕಾಲ್ ಬಂತು. ನೀನೇ ನೋಡಿ ಹೇಳು, ಆಕಿ ಮನಸಿನ್ಯಾಗ ಏನಿತ್ತು ನಿನಗ ಗೊತ್ತು ಅಂದಳು ಅವ್ವ. ಪಕ್ಕದ ಮನೆಯ ಮುದುಕಿಯೂ ಜೊತೆಗಿದ್ದಳು. ಅಂಗಡಿಯವನಿಗೆ ಯಾಕೆಂದು ಹೇಳಿರಲಿಲ್ಲ. ಅವನು ಫೋನಿನ ಮುಂದೆ ಒಂದೊಂದೇ ಸೀರೆ ಬಿಡಿಸಿ ಹಿಡಿಯತೊಡಗಿದ.

“ನೋಡ್ರಿ ಮೇಡಂ, ಇದು ತೊಳದ್ರೂ ಬಣ್ಣ ಹೋಗಂಗಿಲ್ಲ. ಹತ್ತು ವರ್ಷ ಗ್ಯಾರಂಟಿ.”

“ಹತ್ತು ವರ್ಷ ಬ್ಯಾಡಪ್ಪೋ” ಅಂದಳು ಮುದುಕಿ. “ಒಂದು ತಾಸು ತಡದ್ರ ಸಾಕು.”

ಅವನ ಕೈ ಅಲ್ಲೇ ನಿಂತಿತು. “ಯಾರು ಹೋಗ್ಯಾರ್ರಿ?” ಎಂದು ಕೇಳಿದ. ಅವ್ವ ಹೇಳಿದಳು. “ಆ ಯಮ್ಮನಾ? ಮೊನ್ನೆ ಇಲ್ಲೇ ಮೆಟ್ಟಲ ಮ್ಯಾಲೆ ಕುಂತು, ನನಗ ದಿಲ್ಲಿ ಸೀರಿ ಬರ್ತೈತಿ, ನಿನ್ನ ಅಂಗಡಿ ಯಾರಿಗೆ ಬೇಕಲೇ ಅಂತ ಕಾಡಿಸಿ ಹೋದ್ಲಲ್ರಿ” ಅಂದ. ಆಮೇಲೆ ಉಳಿದ ಸೀರೆಗಳನ್ನು ತೋರಿಸಿದ.

ಒಟ್ಟು ಹನ್ನೊಂದು ಸೀರೆ. ಅದರಲ್ಲಿ ನಾಲ್ಕು ನೀಲಿ. ಒಂದು ಹಸಿರು ಕಂಡಿತು, ಆದರೆ ನೆಟ್‌ವರ್ಕ್ ನಿಂತು ನಿಂತು ಬರುತ್ತಿತ್ತು. ಪರದೆಯಲ್ಲಿ ಹಸಿರು ಒಮ್ಮೆ ನೀಲಿಯಂತೆ, ಒಮ್ಮೆ ಕಪ್ಪಿನಂತೆ ಕಾಣುತ್ತಿತ್ತು. ನನ್ನ ಪಕ್ಕದ ಕುರ್ಚಿಯ ಹೆಂಗಸು ಬಗ್ಗಿ ನೋಡಿ, “ಹಸಿರು ಚೆನ್ನಾಗಿದೆ, ಮದುವೆಗಾ?” ಅಂದಳು. ಹೌದು ಅಂದೆ.

“ಅವ್ವ, ಅದನ್ನ ಬಾಗಿಲ ಕಡಿ ಬಿಸಲಾಗ ಹಿಡಿ.”

ಅವ್ವ ಹೊರಗೆ ಬಂದು ಬಿಸಿಲಿಗೆ ಹಿಡಿದಳು. ಗಿಳಿ ಹಸಿರು. ನೀಲಿಯ ಎಳೆ ಒಂದೂ ಇರಲಿಲ್ಲ. ಅಂಚಿನ ಹೊಲಿಗೆಯನ್ನೂ ಹತ್ತಿರ ಹಿಡಿಯಲು ಹೇಳಿದೆ. ಮುದುಕಿ, “ಎಂಥಾ ಹುಡುಗೀನೇ ಯವ್ವ ಇದು, ಹೊಲಿಗಿ ನೋಡ್ತಾಳ!” ಅಂದಳು. ಅದೇ ಇರಲಿ ಅಂದೆ.

ಮಣ್ಣಾದದ್ದು ಎರಡು ಹತ್ತಕ್ಕೆ. ಅವ್ವ ಎರಡು ಮಾತಿನಲ್ಲಿ ತಿಳಿಸಿದಳು. “ಆತು. ಒಲಿ ಹಚ್ಚೀವಿ.” ವಿಮಾನಕ್ಕೆ ಇನ್ನೂ ಒಂದು ಗಂಟೆ ಮೂವತ್ತೈದು ನಿಮಿಷವಿತ್ತು. ಆ ಒಂದು ಗಂಟೆ ಮೂವತ್ತೈದು ನಿಮಿಷದ ಎದುರು ಡೈರಿಯಲ್ಲಿ ಏನೂ ಬರೆದಿಲ್ಲ. ಜೀನ್ಸ್ ಕೂಡ ಎಣಿಸಿಲ್ಲ.

ಕುರುಗೋಡು ಮುಟ್ಟಿದ್ದು ಆರು ಐದಕ್ಕೆ. ಲೆಕ್ಕಕ್ಕಿಂತ ಐದೇ ನಿಮಿಷ ತಡ. ಪೆಟ್ಟಿಗೆಯನ್ನು ಬಾಗಿಲಲ್ಲಿ ಇಳಿಸಿ ನೇರವಾಗಿ ಮಣ್ಣು ಮಾಡಿದ ಜಾಗಕ್ಕೆ ಕರೆದುಕೊಂಡು ಹೋದರು. ಮಣ್ಣು ಇನ್ನೂ ಹಸಿಯಾಗಿತ್ತು. ಮೇಲಿನಿಂದ ಮೂರು ಹಿಡಿ ಹಾಕಿದೆ. ಬಂದು ಸ್ನಾನ ಮಾಡಿದೆ. ಹೊರಗೆ ಬರುವಷ್ಟರಲ್ಲಿ ಮುದುಕಿ ತಟ್ಟೆ ಹಿಡಿದು ನಿಂತಿದ್ದಳು.

“ಮೊದಲು ಈಕಿಗೆ ಹಾಕ್ರಿ. ಮುಂಜಾನಿಂದ ಉಪಾಸ ಅದಾಳ ಕೂಸು.”

ಅನ್ನ, ಬೇಳೆ. ಎಲ್ಲರೂ ನಾನು ತಿನ್ನುವುದನ್ನೇ ನೋಡುತ್ತಿದ್ದರು. ಎರಡು ಸಲ ಹಾಕಿಸಿಕೊಂಡು ತಿಂದೆ.

ಎಲ್ಲರೂ ಎದ್ದ ಮೇಲೆ ಮಾಮನ ಪಕ್ಕದಲ್ಲಿ ಕೂತು ಬೆರಳಿಗೆ ಸೂಜಿ ಚುಚ್ಚಿದೆ. ನೂರ ಎಂಬತ್ತಾರು.

“ಎಷ್ಟೈತಿ?” ಅಂದ. ಹೇಳಿದೆ. ಪೆಟ್ಟಿಗೆ ಮೂಲೆಯಲ್ಲಿ ಬೀಗ ಹಾಕಿದಂತೆಯೇ ಇತ್ತು. ಅವನು ಅದರ ಕಡೆಗೆ ನೋಡಿದ, ತೆಗೆ ಅನ್ನಲಿಲ್ಲ.

“ಮಾಮ, ನಾ ಮುಂಜಾನಿ ಇಡ್ಲಿ ತಿಂದಿದ್ದೆ. ಅವ್ವ ಕೇಳಿದಾಗ ಇಲ್ಲ ಅಂದೆ.”

ಅವನು ಬೆರಳಿನ ಹತ್ತಿಯನ್ನು ಒತ್ತಿ ಹಿಡಿದು ಕೂತೇ ಇದ್ದ.

“ಎಷ್ಟು ತಿಂದಿ?”

“ಎರಡು.”

“ಹೂಂ” ಅಂದ. ಗೋಡೆಗೆ ಒರಗಿ ಕಣ್ಣು ಮುಚ್ಚಿದ.

ಎದ್ದು ಕ್ಯಾಲೆಂಡರಿನ ಗುರುವಾರದ ಚೌಕದಲ್ಲಿ ೧೮೬ ಎಂದು ಬರೆದೆ. ಅದರ ಕೆಳಗೆ ಸ್ವಲ್ಪ ಜಾಗ ಉಳಿದಿತ್ತು. ಸಣ್ಣ ಅಕ್ಷರದಲ್ಲಿ ಅದನ್ನೂ ಬರೆದೆ: ೮.೨೫, ಇಡ್ಲಿ ೨.