ಗೋಡೆಗೊತ್ತಿದ ಹಿಮ ತೆಗೆಯಬಾರದು

ಬಾಗಿಲು ತೆರೆದ ಮೇಲೆ ಅವರು ದೀಪ ಹಾಕುವುದಿಲ್ಲ. ಹೊಸ್ತಿಲು ದಾಟಿ ನಿಂತು, ಉಣ್ಣೆಯ ಟೋಪಿಯನ್ನು ಕಿವಿಯಿಂದ ಮೇಲಕ್ಕೆ ಸರಿಸಿ, ಉಸಿರು ಬಿಗಿಹಿಡಿದು ಒಂದು ನಿಮಿಷ ಸುಮ್ಮನಿರುತ್ತಾರೆ. ಬೆಳಗಿನ ಆರು ಗಂಟೆ. ಹೊರಗೆ ಸೊನ್ನೆಗಿಂತ ಇಪ್ಪತ್ತೆರಡು ಡಿಗ್ರಿ ಕೆಳಗಿನ ಚಳಿ. ಸೂಚಿಪರ್ಣ ಮರಗಳ ತುದಿಯಲ್ಲಷ್ಟೇ ಆಕಾಶ ಬೆಳ್ಳಗಾಗುತ್ತಿದೆ. ಒಳಗೆ ಕುರ್ಚಿಗಳಿಗೆ ಬಿಳಿ ಬಟ್ಟೆ ಹೊದಿಸಿದೆ. ಗಡಿಯಾರ ನಾಲ್ಕೂ ಹತ್ತಕ್ಕೆ ನಿಂತಿದೆ. ಕಿಟಕಿಯ ಕಟ್ಟೆಯ ಮೇಲೆ ಬೇಸಿಗೆಯಲ್ಲಿ ಯಾವುದೋ ಮಗು ಜೋಡಿಸಿಟ್ಟ ನುಣುಪು ಕಲ್ಲುಗಳು ಸಾಲಾಗಿ ಕೂತಿವೆ.

“ಮೊದಲು ಕಿವಿ, ಆಮೇಲೆ ಕಣ್ಣು,” ಎನ್ನುತ್ತಾರೆ ಅವರು, ಮೂರು ದಿನ ಜೊತೆಗೆ ಸುತ್ತಿ ಬರೆಯಲು ಬಂದ ನನಗೆ, ಟೋಪಿಯನ್ನು ಮತ್ತೆ ಕೆಳಗೆಳೆದುಕೊಳ್ಳುತ್ತ. “ನೀರು ತೊಟ್ಟಿಕ್ತಿದ್ರೆ ಕೇಳುತ್ತೆ. ಇಲಿ ಸೇರಿದ್ರೆ ಕೇಳುತ್ತೆ. ಸೂರಿನ ಮೇಲೆ ಭಾರ ಜಾಸ್ತಿಯಾದ್ರೆ ತೊಲೆ ನರಳುತ್ತೆ. ಏನೂ ಕೇಳಿಸ್ಲಿಲ್ಲ ಅಂದ್ರೆ ಮನೆ ಆರೋಗ್ಯವಾಗಿದೆ ಅಂತ ಅರ್ಥ.”

ಇವತ್ತು ಈ ಮನೆ ಆರೋಗ್ಯವಾಗಿದೆ. ಟಾರ್ಚ್ ಹಚ್ಚಿ ಅಡುಗೆಮನೆಯ ತೊಟ್ಟಿಯ ಕೆಳಗೆ, ಬಚ್ಚಲಲ್ಲಿ, ಅಟ್ಟದ ಮೂಲೆಯಲ್ಲಿ ಇಣುಕಿ ನೋಡಿ, ಬಾಗಿಲ ಹಿಂದೆ ತೂಗುಹಾಕಿದ ಹಾಳೆಯಲ್ಲಿ ದಿನಾಂಕ ಬರೆದು ಹೊರಬೀಳುತ್ತಾರೆ. ಸಲಿಕೆ, ಏಣಿ, ಚಹಾದ ಫ್ಲಾಸ್ಕು ಹೊತ್ತ ಹಲಗೆಬಂಡಿ ಅವರ ಹಿಂದೆ ಹಿಮದ ಮೇಲೆ ಜಾರುತ್ತ ಬರುತ್ತದೆ. ಇದು ಇವತ್ತಿನ ಮೊದಲ ಮನೆ. ಕತ್ತಲಾಗುವುದರೊಳಗೆ ಇನ್ನೂ ಏಳು ಆಗಬೇಕು.

ಊರಿನವರು ಅವರನ್ನು ಕರೆಯುವುದು ಕೀಲಿಯಕ್ಕ ಎಂದು. ಬೇಸಿಗೆಯ ಹತ್ತು ವಾರ ಈ ಕಾಡಿನ ಊರಿಗೆ ಎಲ್ಲಿಂದಲೋ ಜನ ಬರುತ್ತಾರೆ. ಕೆರೆಯಲ್ಲಿ ಈಜುತ್ತಾರೆ, ಅಣಬೆ ಹುಡುಕುತ್ತಾರೆ, ಜಗಲಿಯಲ್ಲಿ ಕೂತು ಪುಸ್ತಕ ಓದುತ್ತಾರೆ. ಆಗ ಇಲ್ಲಿ ಎರಡು ಸಾವಿರ ಮಂದಿ. ಎಲೆ ಉದುರುವ ಹೊತ್ತಿಗೆ ಉಳಿಯುವವರು ನೂರಾ ತೊಂಬತ್ತು. ಹೋಗುವವರಲ್ಲಿ ಸ್ವಂತ ಮನೆಯುಳ್ಳವರು ಅದರ ಕೀಲಿಯನ್ನು ಕೀಲಿಯಕ್ಕನ ಕೈಗಿಟ್ಟು ಹೋಗುತ್ತಾರೆ. ಈ ವರ್ಷ ನಲವತ್ತೊಂದು ಮನೆ. ಶರತ್ಕಾಲದಲ್ಲಿ ಒಂದೊಂದರ ಕೊಳಾಯಿಯಿಂದಲೂ ಕೊನೆಯ ಹನಿಯವರೆಗೆ ನೀರು ಖಾಲಿ ಮಾಡುವುದು, ಚಳಿಗಾಲವಿಡೀ ಐದು ದಿನಕ್ಕೊಂದು ಸುತ್ತು ಬರುವುದು, ಸೂರಿನ ಹಿಮ ಇಳಿಸುವುದು, ವಸಂತದಲ್ಲಿ ಕಿಟಕಿ ತೆಗೆದು ಗಾಳಿಯಾಡಿಸುವುದು. ಬೇಸಿಗೆಯಲ್ಲಿ ಬಂದವರು ನಲ್ಲಿ ತಿರುಗಿಸುತ್ತಾರೆ, ನೀರು ಬರುತ್ತದೆ. ಅದರ ಹಿಂದೆ ಯಾರೋ ಇದ್ದಾರೆಂದು ಯೋಚಿಸುವ ಸಂದರ್ಭವೇ ಬರುವುದಿಲ್ಲ.

“ಬರಬಾರದು ಕೂಡ,” ಎಂದು ನಗುತ್ತಾರೆ. “ನನ್ನ ನೆನಪು ಬಂತು ಅಂದ್ರೆ ಏನೋ ಒಡೆದಿದೆ ಅಂತ.”

ಅವರೂ ಇಲ್ಲಿ ಹುಟ್ಟಿದವರಲ್ಲ. ಹತ್ತೊಂಬತ್ತನೆಯ ವಯಸ್ಸಿನಲ್ಲಿ ಅತಿಥಿಗೃಹದ ಅಡುಗೆಮನೆಯಲ್ಲಿ ಪಾತ್ರೆ ತೊಳೆಯಲು ಹತ್ತು ವಾರಕ್ಕೆಂದು ಬಂದವರು. ಮರದ ಮಿಲ್ಲಿನಲ್ಲಿ ಗರಗಸಕ್ಕೆ ಸಾಣೆ ಹಿಡಿಯುವ ಒಬ್ಬ ಮಾತುಗಳ್ಳನನ್ನು ಮದುವೆಯಾಗಿ ಮೂವತ್ತೆಂಟು ವರ್ಷದಿಂದ ಇಲ್ಲೇ ಇದ್ದಾರೆ. ಮೊದಲ ಚಳಿಗಾಲದಲ್ಲೇ ಆಗಿನ ಕಾವಲುಗಾರ ಮುದುಕನ ಜೊತೆ ಕೆಲಸಕ್ಕೆ ಸೇರಿದರು. ಒಂದು ಸೂರಿನ ಹಿಮ ಇಳಿಸಲು ಅವರನ್ನು ಹತ್ತಿಸಿ ಮುದುಕ ಬೇರೆ ಮನೆಗೆ ಹೋದ. ಬಿಸಿಲು ಬೀಳುವ ಕಡೆ ಹಿಮ ಹಗುರ, ಕೆಲಸ ಸಲೀಸು. ಆ ಇಳಿಜಾರನ್ನು ಪೂರ್ತಿ ಬೋಳು ಮಾಡಿ ಕೆಳಗಿಳಿದು ನೋಡಿದರೆ, ಇನ್ನೊಂದು ಕಡೆಯ ಭಾರಕ್ಕೆ ಸೂರು ವಾಲಿ ಮನೆಯ ಬಾಗಿಲೇ ತೆರೆಯುತ್ತಿಲ್ಲ.

“ಮುದುಕಪ್ಪ ಬಂದ, ನೋಡಿದ. ಬೈತಾನೆ ಅಂತ ನಾನು ನಡುಗ್ತಾ ನಿಂತಿದ್ದೆ. ‘ಎರಡೂ ಕಡೆ’ ಅಂದ. ಅಷ್ಟೇ! ಏಣಿ ಹತ್ತಿ ಇನ್ನೊಂದು ಕಡೆ ಇಳಿಸೋಕೆ ಶುರು ಮಾಡಿದ. ಆರು ವರ್ಷ ಅವನ ಹತ್ರ ಕೆಲಸ ಕಲಿತೆ. ಅವನಾಡಿದ ಮಾತೆಲ್ಲ ಸೇರಿಸಿದ್ರೂ ಒಂದು ಪೋಸ್ಟ್ ಕಾರ್ಡ್ ತುಂಬಲ್ಲ.”

ಈ ಊರಿನ ಜನ ಹಾಗೆಯೇ. ಅಂಗಡಿಯಲ್ಲಿ, ಅಂಚೆಯ ಕಟ್ಟೆಯಲ್ಲಿ, ಮಿಲ್ಲಿನ ಗೇಟಿನಲ್ಲಿ ಮಾತಿಗಿಂತ ತಲೆಯಾಡಿಸುವುದೇ ಹೆಚ್ಚು. ಹೊರಗಿನವರಿಗೆ ಅದು ಬಿಗುಮಾನದಂತೆ ಕಾಣಬಹುದು. ಎಲ್ಲರಿಗೂ ಗೊತ್ತಿರುವುದನ್ನು ಮತ್ತೆ ಹೇಳಿ ಎದುರಿನವರನ್ನು ದಡ್ಡರನ್ನಾಗಿ ಮಾಡಬಾರದು ಎಂಬುದು ಇಲ್ಲಿಯ ಮರ್ಯಾದೆ. ಆ ಮರ್ಯಾದೆ ಈ ಚಳಿಗಾಲದಲ್ಲಿ ಊರಿನ ಶಾಲೆಯನ್ನೇ ಮುಚ್ಚಿಸುವುದರಲ್ಲಿತ್ತು.

ಶಾಲೆಯಲ್ಲಿ ಇರುವುದು ಒಂದು ಕೋಣೆ, ಒಬ್ಬ ಟೀಚರು. ಟೀಚರು ಕೀಲಿಯಕ್ಕನ ಒಬ್ಬಳೇ ಮಗಳು. ಹೋದ ವರ್ಷ ಆರು ಮಕ್ಕಳಿದ್ದರು. ಈ ಏಪ್ರಿಲ್‌ನಿಂದ ಜಾರಿಗೆ ಬರುವ ಹೊಸ ನಿಯಮದ ಪ್ರಕಾರ ಎಂಟಾದರೂ ಇರಬೇಕು. ಇಲ್ಲದಿದ್ದರೆ ಬಾಗಿಲು ಹಾಕಿ, ಮಕ್ಕಳನ್ನು ಎಪ್ಪತ್ತು ಕಿಲೋಮೀಟರ್ ಆಚೆಯ ಪಟ್ಟಣಕ್ಕೆ ಬಸ್ಸಿನಲ್ಲಿ ಕಳಿಸಬೇಕು. ಹೋಗುವಾಗ ಒಂದೂವರೆ ಗಂಟೆ, ಬರುವಾಗ ಒಂದೂವರೆ ಗಂಟೆ. ಏಪ್ರಿಲ್ ಮೊದಲ ವಾರದಲ್ಲಿ ತಂದೆತಾಯಂದಿರು ಮುಂದಿನ ವರ್ಷದ ಅರ್ಜಿಗೆ ಸಹಿ ಹಾಕುತ್ತಾರೆ. ಅವತ್ತಿನ ಲೆಕ್ಕವೇ ಕೊನೆಯ ಲೆಕ್ಕ.

ಕಳೆದ ಬೇಸಿಗೆಯಲ್ಲಿ ಕೆರೆದಂಡೆಯ ಹಳದಿ ಮನೆಗೆ ರಜೆಗೆಂದು ಬಂದ ಒಂದು ಕುಟುಂಬ, ರಜೆ ಮುಗಿದರೂ ಹೋಗಲಿಲ್ಲ. ಒಂದು ವರ್ಷ ಇದ್ದು ನೋಡುತ್ತೇವೆ ಎಂದರು. ಹೆಂಡತಿ ಮನೆಯಲ್ಲೇ ಕೂತು ಅನುವಾದದ ಕೆಲಸ ಮಾಡುವವರು. ಗಂಡನಿಗೆ ಮಿಲ್ಲಿನ ಕಚೇರಿಯಲ್ಲಿ ಕೆಲಸ ಸಿಕ್ಕಿತು. ಜೊತೆಗೆ ಆರು ಮತ್ತು ಒಂಬತ್ತು ವರ್ಷದ ಇಬ್ಬರು ಹೆಣ್ಣುಮಕ್ಕಳು. ಬೇಸಿಗೆಗೆ ಬಂದವರು ಹೀಗೆ ಉಳಿದದ್ದು ಹನ್ನೊಂದು ವರ್ಷದಲ್ಲಿ ಇದೇ ಮೊದಲು. ಆರರ ಜೊತೆ ಎರಡು ಸೇರಿದರೆ ಎಂಟು. ಊರಿನಲ್ಲಿ ಯಾರೂ ಬಾಯಿಬಿಟ್ಟು ಹೇಳದಿದ್ದರೂ ಎಲ್ಲರೂ ಆ ಕೂಡಿಕೆಯನ್ನು ಮನಸ್ಸಿನಲ್ಲೇ ಮಾಡಿಕೊಂಡರು. ಹಳದಿ ಮನೆ ಕಟ್ಟಿದ್ದು ಬೇಸಿಗೆಗೆಂದು. ಅದನ್ನು ಚಳಿಗಾಲ ದಾಟಿಸುವ ಹೊಣೆ ಕೀಲಿಯಕ್ಕನ ಮೇಲೆ ಬಿತ್ತು. ನೆಲದಡಿಯ ಕೊಳವೆಗಳಿಗೆಲ್ಲ ಅವರು ಶರತ್ಕಾಲದಲ್ಲೇ ಬಟ್ಟೆ ಸುತ್ತಿದರು, ಕಿಟಕಿಯ ಸಂದುಗಳಿಗೆ ಹತ್ತಿ ತುರುಕಿದರು.

ಜನವರಿಯ ಒಂದು ಬೆಳಿಗ್ಗೆ ಅವರು ಆ ಮನೆಗೆ ಹೋದಾಗ ನಡುಮನೆಯಲ್ಲಿ ಪೆಟ್ಟಿಗೆಗಳು ಸಾಲಾಗಿ ನಿಂತಿದ್ದವು. ನಲ್ಲಿಯಲ್ಲಿ ಒಂದು ಹನಿ ನೀರಿಲ್ಲ. ಮಕ್ಕಳು ಕೋಟು ಹಾಕಿಕೊಂಡೇ ಹಾಸಿಗೆಯಲ್ಲಿ ಕೂತಿದ್ದರು.

“ಆಯಮ್ಮ ಅಳ್ತಿರ್ಲಿಲ್ಲ. ಅತ್ತಿದ್ರೆ ಸಮಾಧಾನ ಮಾಡಬಹುದಿತ್ತು,” ಎಂದು ಕೀಲಿಯಕ್ಕ ನೆನಪಿಸಿಕೊಳ್ಳುತ್ತಾರೆ. “‘ಅಕ್ಕಾ, ನಾವು ಪ್ರಯತ್ನ ಮಾಡಿದ್ವಿ, ಸಾಕಾಯ್ತು’ ಅಂದ್ರು. ಅವರ ಯಜಮಾನರು ಅಂತೂ, ‘ನೀವು ಹೇಳಿದ್ದನ್ನೆಲ್ಲ ಮಾಡಿದೀವಿ, ಇನ್ನೇನು ಮಾಡ್ಬೇಕಿತ್ತು? ನಿನ್ನೆ ಇಡೀ ದಿನ ಬೆನ್ನು ಮುರ್ಕೊಂಡು ಮನೆ ಸುತ್ತ ಕ್ಲೀನ್ ಮಾಡಿದೀನಿ. ಒಂದು ಚೂರು ಹಿಮ ಬಿಟ್ಟಿದ್ರೆ ಕೇಳಿ’ ಅಂದ್ರು.”

ಕೀಲಿಯಕ್ಕ ಹೊರಗೆ ಬಂದು ನೋಡಿದರು. ಅಡಿಪಾಯದ ಕಲ್ಲು ಕಾಣುವಂತೆ ನಾಲ್ಕು ಗೋಡೆಯೂ ಬತ್ತಲೆ. ಗೋಡೆಗೆ ಒತ್ತಿ ಸೊಂಟದೆತ್ತರ ಕೂತಿದ್ದ ಹಿಮವನ್ನೆಲ್ಲ ಆ ಮನುಷ್ಯ ಅಚ್ಚುಕಟ್ಟಾಗಿ ಕೆತ್ತಿ ದೂರ ಎಸೆದಿದ್ದರು. ಹಿಮ ಎಂದರೆ ಚಳಿ ಎಂದು ಹೊರಗಿನವರ ಲೆಕ್ಕ. ಇಲ್ಲಿ ಗೋಡೆಯ ಬುಡಕ್ಕೆ ಕೂತ ಹಿಮ ಮನೆಗೆ ಹೊದಿಕೆ. ನೆಲದಡಿಗೆ ಗಾಳಿ ನುಗ್ಗದಂತೆ ತಡೆಯುವುದು ಅದೇ. ಹೊದಿಕೆ ಹೋದ ಮೇಲೆ ಸೊನ್ನೆಗಿಂತ ಮೂವತ್ತೊಂದು ಡಿಗ್ರಿ ಕೆಳಗಿನ ಗಾಳಿ ಕೊಳವೆಯ ತನಕ ಬಂದಿತ್ತು.

“ಸಿಟ್ಟು ನೆತ್ತಿಗೇರ್ತು. ಬೈಬೇಕು ಅಂತ ಬಾಯಿ ತೆಗೆದೆ. ಆದ್ರೆ ಯಾರಿಗೆ ಬೈಲಿ? ಗೋಡೆಗೊತ್ತಿದ ಹಿಮ ತೆಗೀಬಾರದು ಅಂತ ನಾನು ಅವರಿಗೆ ಹೇಳೇ ಇಲ್ಲ. ಅದನ್ನ ಹೇಳ್ಬೇಕು ಅಂತ ಹೊಳೀಲೇ ಇಲ್ಲ. ಅದು ‘ಕಣ್ಣು ಮುಚ್ಕೊಂಡು ಮಲಗಿ’ ಅಂತ ಹೇಳ್ದಂಗೆ ಅಲ್ವಾ ನಮಗೆ? ಅವರಿಗೆ ಹೆಂಗೆ ಗೊತ್ತಾಗ್ಬೇಕು! ನನಗೂ ಯಾರೂ ಏನೂ ಹೇಳ್ದೇನೇ ಒಂದು ಸೂರು ವಾಲಿಸಿದ್ದೆ. ಅದನ್ನೂ ಮರೆತುಬಿಟ್ಟಿದ್ದೆ ನಾನು.”

ಅವರು ಆ ದಂಪತಿಗೆ ಹೇಳಿದ್ದು ಇಷ್ಟೇ: “ತಪ್ಪು ನಂದು. ಸಂಜೆ ತನಕ ಇರಿ. ನೀರು ಬರ್ಲಿಲ್ಲ ಅಂದ್ರೆ ಪೆಟ್ಟಿಗೆ ನಾನೇ ಕಾರಿಗೆ ಹೊತ್ತು ಹಾಕ್ತೀನಿ.”

ನೆಲದ ಹಲಗೆಯೊಂದನ್ನು ಎತ್ತಿ, ಮೊಣಕೈಯೂರಿ ತೆವಳುತ್ತ ಕೆಳಗಿಳಿದರು. ನಲ್ಲಿ ತೆರೆದಿಡಿಸಿ, ಅದರ ಕಡೆಯಿಂದ ಶುರುಮಾಡಿ ಕೊಳವೆಯನ್ನು ಗೇಣುಗೇಣಾಗಿ ಕಾಯಿಸಿದರು. ಒಮ್ಮೆ ಬಿಸಿ ಬಟ್ಟೆ, ಒಮ್ಮೆ ಹೇರ್ ಡ್ರೈಯರ್. ಹೆಂಡತಿ ಹಿಮ ಕರಗಿಸಿದ ನೀರು ಕಾಯಿಸಿ ಬಟ್ಟೆ ಹಿಂಡಿ ಕೊಟ್ಟರು. ದೊಡ್ಡ ಮಗಳು ಟಾರ್ಚ್ ಹಿಡಿದಳು. ಚಿಕ್ಕವಳು ನಲ್ಲಿಯ ಮುಂದೆ ಕುರ್ಚಿ ಹಾಕಿಕೊಂಡು ಕಾದಳು. ನಾಲ್ಕು ಗಂಟೆ ಕಾಲ ಹೀಗೆಯೇ. ಕೊನೆಗೆ ನಲ್ಲಿ ಕೆಮ್ಮಿತು, ತುಕ್ಕುಬಣ್ಣದ ನೀರು ಉಗುಳಿತು. “ಅಜ್ಜೀ, ಬಂತು! ಆದ್ರೆ ಚಹಾ ಬಂತು!” ಎಂದು ಚಿಕ್ಕವಳು ಕೂಗಿದಳು. ಕೊಳವೆ ಎಲ್ಲಿಯೂ ಒಡೆದಿರಲಿಲ್ಲ.

ಕತ್ತಲಾಗುವ ಮುಂಚೆ ಎಲ್ಲರೂ ಸೇರಿ ಹಿಮವನ್ನು ಮತ್ತೆ ಗೋಡೆಗೆ ಒಟ್ಟಿದರು. ನಿನ್ನೆ ಹೊರಹಾಕಿದ್ದನ್ನೇ ಇವತ್ತು ಗೌರವದಿಂದ ಕರೆತರುತ್ತಿದ್ದೇನೆ ಎಂದು ಆ ಗಂಡ ಗೊಣಗಿದರಂತೆ. ಪೆಟ್ಟಿಗೆಗಳು ಇನ್ನೂ ಮೂರು ದಿನ ನಡುಮನೆಯಲ್ಲೇ ಇದ್ದವು. ನಾಲ್ಕನೆಯ ದಿನ ಕಾಣಲಿಲ್ಲ.

ಅಂದಿನಿಂದ ಕೀಲಿಯಕ್ಕನ ಸುತ್ತು ಕೊನೆಗೊಳ್ಳುವುದು ಹಳದಿ ಮನೆಯಲ್ಲಿ. ಹೋಗುತ್ತಾರೆ, ಮೇಜಿನ ಮುಂದೆ ಕೂರುತ್ತಾರೆ, ಗೊತ್ತಿರುವುದನ್ನು ಒಂದೊಂದಾಗಿ ಹೇಳುತ್ತಾರೆ. ಒದ್ದೆ ಕೈಯಲ್ಲಿ ಹೊರಗಿನ ಬಾಗಿಲ ಹಿಡಿ ಮುಟ್ಟಬಾರದು, ಚರ್ಮ ಅಂಟಿಕೊಳ್ಳುತ್ತದೆ. ರಾತ್ರಿ ಮಲಗುವಾಗ ಒಂದು ಪಾತ್ರೆ ನೀರು ತುಂಬಿಟ್ಟುಕೊಳ್ಳಬೇಕು. ಹೊಗೆಕೊಳವೆ ಗುಂಯ್‌ಗುಟ್ಟಿದರೆ ಒಳಗಿನ ಮಸಿಗೆ ಬೆಂಕಿ ಹತ್ತಿದೆ ಎಂದರ್ಥ, ತಕ್ಷಣ ಒಲೆಯ ಗಾಳಿಕಿಂಡಿ ಮುಚ್ಚಬೇಕು. ಆ ತಾಯಿ ಬರೆದು ಫ್ರಿಜ್ಜಿಗೆ ಅಂಟಿಸುತ್ತಾರೆ. ಮಾರ್ಚ್ ಹೊತ್ತಿಗೆ ಹಾಳೆ ಮೂರಾಗಿದೆ. ಅಲ್ಲೇ ಪಕ್ಕದಲ್ಲಿ ಶಾಲೆಯ ಅರ್ಜಿಯೂ ಅಂಟಿಕೊಂಡಿದೆ. ಸಹಿಯ ಜಾಗ ಖಾಲಿ.

“ಅಮ್ಮ ನನ್ನ ಜೊತೆ ಮೂವತ್ತು ವರ್ಷದಲ್ಲಿ ಆಡದಷ್ಟು ಮಾತನ್ನ ಅವರ ಮನೇಲಿ ಎರಡು ತಿಂಗಳಲ್ಲಿ ಆಡಿದಾರೆ,” ಎಂದು ಟೀಚರ್ ಮಗಳು ಕಿಚಾಯಿಸುತ್ತಾಳೆ. ಶಾಲೆಯ ಬೆಂಚುಗಳನ್ನು ಒಲೆಯ ಹತ್ತಿರ ಎಳೆಯುತ್ತಿದ್ದಾಳೆ. “ನನಗೇ ಹೊಟ್ಟೆಕಿಚ್ಚು.”

“ನಿನಗೆ ಹೇಳೋಕೆ ಏನಿದೆ ಟೀಚರಮ್ಮಾ? ನೀನು ಇಲ್ಲೇ ಹುಟ್ಟಿದವಳು.”

“ಅದಕ್ಕೇ ಎರಡು ಸಲ ಮನೆ ನಲ್ಲಿ ಹೆಪ್ಪುಗಟ್ಟಿಸಿದ್ದು ನಾನು!”

ಇಬ್ಬರೂ ನಗುತ್ತಾರೆ. ಅರ್ಜಿಯ ದಿನಕ್ಕೆ ಇನ್ನು ಹನ್ನೊಂದು ದಿನ. ಶಾಲೆ ಮುಚ್ಚಿದರೆ ಮಗಳು ಪಟ್ಟಣದ ಶಾಲೆಗೆ ಹೋಗಬೇಕಾಗುತ್ತದೆ. ಅವಳಿಗೆ ಕೆಲಸ ಸಿಗುತ್ತದೆ, ಅದು ತೊಂದರೆಯಲ್ಲ. ಮಕ್ಕಳಿಲ್ಲದ ಊರು ಬೇಸಿಗೆಯ ಹತ್ತು ವಾರದ ಊರಾಗಿಬಿಡುತ್ತದೆ ಎಂಬುದೇ ತಾಯಿಯ ಭಯ. “ಆಗ ನಲವತ್ತೊಂದಲ್ಲ, ನೂರು ಮನೆ ಕೀಲಿ ನನ್ನ ಹತ್ರ ಬರುತ್ತೆ. ನನಗೆ ಬೇಡ ಅದು.”

ಇರುತ್ತೀರಾ, ಹೋಗುತ್ತೀರಾ ಎಂದು ಹಳದಿ ಮನೆಯವರನ್ನು ನೇರವಾಗಿ ಕೇಳಬಹುದಲ್ಲ? ಕೀಲಿಯಕ್ಕ ಅಡ್ಡಡ್ಡ ತಲೆಯಾಡಿಸುತ್ತಾರೆ. “ಹೇಳೋದು ಬೇರೆ, ಕೇಳೋದು ಬೇರೆ. ಕೇಳಿದ್ರೆ ಒತ್ತಾಯ ಆಗುತ್ತೆ. ನನ್ನ ಮುಖ ನೋಡಿ ಹೂಂ ಅಂದುಬಿಟ್ರೆ ಆ ಮಕ್ಕಳಿಗೆ ಅನ್ಯಾಯ.”

ನಾನು ಬಂದ ಮೂರನೆಯ ದಿನದ ಮಧ್ಯಾಹ್ನ ಅವರು ಅಂಚೆಕಚೇರಿಯ ಹಿಂದಿನ ಮನೆಯ ಸೂರಿನ ಮೇಲಿದ್ದಾರೆ, ಏಣಿಯ ತುದಿಯ ಬಳಿ ನಾನೂ ಕೂತಿದ್ದೇನೆ. ಎಡಕ್ಕೆ ಹತ್ತು ಸಲಿಕೆ, ಬಲಕ್ಕೆ ಹತ್ತು ಸಲಿಕೆ. ಬಿಸಿಲಿಗೆ ಅಂಚಿನ ಹಿಮ ಮೊದಲ ಸಲ ತೊಟ್ಟಿಕ್ಕುತ್ತಿದೆ. ಹಳದಿ ಮನೆಯ ಗಂಡ ಮಿಲ್ಲಿನಿಂದ ನೇರ ಬಂದವರಂತೆ ಏಣಿಯ ಬುಡದಲ್ಲಿ ನಿಂತು, ಕಣ್ಣಿಗೆ ಕೈ ಅಡ್ಡ ಹಿಡಿದು ಮೇಲೆ ನೋಡುತ್ತಾರೆ.

“ಅಕ್ಕಾ, ಕೆಲಸದ ಮಧ್ಯೆ ತೊಂದರೆ ಕೊಡ್ತಿದೀನಾ?”

“ಕೊಟ್ಟಾಯ್ತಲ್ಲ, ಹೇಳಿ.”

“ಸೌದೆ ವಿಷಯ. ಈಗ ಕಡಿದ್ರೇನೇ ಒಣಗೋದು ಅಂತ ಮಿಲ್ಲಲ್ಲಿ ನಿಮ್ಮ ಯಜಮಾನರು ಅಂದ್ರು. ಅಷ್ಟೇ ಅಂದ್ರು, ಆಮೇಲೆ ಊಟಕ್ಕೆ ಹೋದ್ರು. ಎಷ್ಟು ಬೇಕಾಗುತ್ತೆ ನಮಗೆ?”

ಸಲಿಕೆ ನಿಲ್ಲುತ್ತದೆ. ಈಗ ಕಡಿದ ಹಸಿ ಸೌದೆ ಈ ಚಳಿಗಾಲಕ್ಕೆ ಬರುವುದಿಲ್ಲ. ಬೇಸಿಗೆಯಿಡೀ ಒಣಗಿ ಉರಿಯುವುದು ಮುಂದಿನ ಚಳಿಗಾಲದಲ್ಲಿ.

“ನಿಮ್ಮ ಮನೆ ಉತ್ತರದ ಗೋಡೆ ಇದೆಯಲ್ಲ,” ಕೀಲಿಯಕ್ಕನ ಧ್ವನಿ ಸಮವಾಗಿಯೇ ಇದೆ. “ಅಷ್ಟುದ್ದ, ಎದೆಮಟ್ಟ, ಎರಡು ಸಾಲು.”

“ಅಷ್ಟೊಂದಾ!”

“ಮಕ್ಕಳಿರೋ ಮನೆ. ಕಮ್ಮಿ ಮಾಡೋ ಹಾಗಿಲ್ಲ.”

ಅವರು ಬೆರಳಲ್ಲಿ ಏನೋ ಲೆಕ್ಕ ಹಾಕುತ್ತ ರಸ್ತೆಗಿಳಿಯುತ್ತಾರೆ. ಕೀಲಿಯಕ್ಕ ಸೂರಿನ ಮೇಲೇ ಕೂತು, ಕೈಗವಸು ಹಲ್ಲಲ್ಲಿ ಕಚ್ಚಿ ತೆಗೆದು, ಮಗಳಿಗೆ ಫೋನ್ ಮಾಡುತ್ತಾರೆ. “ಹಳದಿ ಮನೆಯವರು ಸೌದೆ ಕೇಳಿದ್ರು,” ಎಂದಷ್ಟೇ ಹೇಳುತ್ತಾರೆ. ಆ ಕಡೆ ಮಕ್ಕಳು ಏನೋ ಜಗಳವಾಡುವ ಸದ್ದು. ಆಮೇಲೆ, “ಸರಿ ಅಮ್ಮಾ, ಇಡ್ತೀನಿ, ಇಲ್ಲಿ ಯಾರೋ ಯಾರದೋ ಪೆನ್ಸಿಲ್ ಮುರಿದಿದಾರೆ,” ಎಂದು ಕೇಳಿಸುತ್ತದೆ.

ಕೀಲಿಯಕ್ಕ ಕಣ್ಣೊರೆಸಿಕೊಳ್ಳುವುದಿಲ್ಲ. ಎದ್ದು ನಿಂತು ರಸ್ತೆಯ ಕಡೆ ನೋಡುತ್ತಾರೆ. ಆ ಮನುಷ್ಯ ಇನ್ನೂ ತಿರುವು ದಾಟಿಲ್ಲ.

“ಅಯ್ಯೋ, ಯಾವ ಮರ ಅಂತ ಹೇಳಲೇ ಇಲ್ಲ. ಮಧ್ಯೆ ಗಾಳಿಗೆ ಸಂದು ಬಿಡ್ಬೇಕು ಅನ್ನೋದನ್ನೂ ಹೇಳ್ಲಿಲ್ಲ,” ಎಂದು ನನ್ನ ಕಡೆ ತಿರುಗಿ ಏಣಿಗೆ ಕಾಲಿಡುತ್ತಾರೆ. “ಏಣಿ ಗಟ್ಟಿ ಹಿಡ್ಕೊಳ್ಳಿ. ಓಡಿಹೋಗಿ ಹೇಳಿ ಬರ್ತೀನಿ.”